ಓಡಿ ಹೋದಳು ಅನ್ನುವ ಮಾತು

ನಾನು ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಈ ಮನೆಗೆ ಬಂದ ಮೊದಲ ಮಳೆಗಾಲ. ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯಿಂದ "ಓಡು ಹಾರೋಯ್ತು, ಬೇಗ ಬಾ" ಎಂದು ಕೂಗಿದರು. ಕರು ಹಗ್ಗ ಕಿತ್ತುಕೊಂಡು ಬೇಲಿ ಹಾರಿ ಓಡಿತೇನೋ ಎಂದುಕೊಂಡು ನಾನು ಕೊಟ್ಟಿಗೆಗೆ ಓಡಿದೆ. ಕರು ಅಲ್ಲೇ ಮಲಗಿತ್ತು. ಒಳಗೆ ಬಂದು ನೋಡಿದರೆ ಅತ್ತೆ ಒಲೆಯ ಮೇಲೆ ಸುರಿಯುತ್ತಿದ್ದ ಮಳೆನೀರಿಗೆ ಪಾತ್ರೆ ಒಡ್ಡಿಕೊಂಡು ನಿಂತಿದ್ದರು. ಗಾಳಿಗೆ ಮಾಡಿನ ಹೆಂಚೊಂದು ಹಾರಿಹೋಗಿತ್ತು. ಇಲ್ಲಿ ಹೆಂಚಿಗೆ ಮಲಯಾಳದವರ ಹಾಗೆ ಓಡು ಅನ್ನುತ್ತಾರೆ ಎಂದು ನನಗೆ ಆವತ್ತು ತಿಳಿಯಿತು.

"ನಿಮ್ಮೂರಲ್ಲಿ ಓಡು ಅಂದ್ರೆ ಏನು?" ಎಂದು ಅತ್ತೆ ಕೇಳಿದರು.

"ಓಡೋದು."

"ಅದಕ್ಕೂ ಓಡು ಅಂತೀವಿ, ಇದಕ್ಕೂ ಓಡು ಅಂತೀವಿ. ಹೇಳೋರ ಮುಖ ನೋಡಿ ತಿಳ್ಕೋಬೇಕು ಕಣವ್ವ."

ನಮ್ಮ ಮನೆ ಇರುವುದು ಗಡಿಯಾಚೆ, ಮೈಸೂರು ಹೈವೇಯ ಪೊನ್ಕುಳಿಯಿಂದ ಒಳಗೆ, ಗದ್ದೆ ಮುಗಿದು ಕಾಡು ಶುರುವಾಗುವ ಕಡೆ. ಗಂಡನ ಮನೆಯವರು ಎಷ್ಟೋ ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡವರು. ಮನೆಯೊಳಗೆ ಕನ್ನಡ, ಶಾಲೆಗೆ ಆಫೀಸಿಗೆ ಮಲಯಾಳ, ಜಗಳಕ್ಕೆ ಎರಡೂ. ಗಂಡ ಬತ್ತೇರಿಯಲ್ಲಿ ಮೆಣಸು, ಶುಂಠಿ ಕೊಂಡು ಮಾರುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಹಗಲು ಹೊತ್ತು ಮನೆಯಲ್ಲಿ ಇರುತ್ತಿದ್ದವರು ಅತ್ತೆ, ಮಾವ ಮತ್ತು ನಾನು.

ಅತ್ತೆಗೆ ನಡೆಯುವುದೇ ಗೊತ್ತಿರಲಿಲ್ಲ. ಹಾಲು ಹಾಕಲು ಸೊಸೈಟಿಗೆ ಹೋದರೆ ಓಟ, ಗದ್ದೆಗೆ ಬುತ್ತಿ ಒಯ್ದರೆ ಓಟ. ಮಾತೂ ಹಾಗೆಯೇ, ಒಂದು ಮಾತಿನ ಬಾಲವನ್ನು ಮುಂದಿನ ಮಾತು ತುಳಿಯುತ್ತಿತ್ತು. ಅಷ್ಟು ಅವಸರದ ಹೆಂಗಸು ಒಂದು ಕಡೆ ಮಾತ್ರ ಸುತ್ತುದಾರಿ ಹಿಡಿಯುತ್ತಿದ್ದರು. ಮನೆಯ ಹಿಂದೆ ಕಾಫಿಗಿಡಗಳ ಕೆಳಗೆ ಒಂದು ಇಳಿಜಾರು ಕಣಿವೆ ಇದೆ. ಇಲ್ಲಿಯವರು ಕಣಿವೆಗೆ ಕೊಲ್ಲಿ ಅನ್ನುತ್ತಾರೆ, ಇದರ ಹೆಸರು ಓಡಕೊಲ್ಲಿ. ಆಚೆ ದಂಡೆಯ ಗದ್ದೆಗೆ ಹೋಗಲು ಕೊಲ್ಲಿಯೊಳಗೆ ಇಳಿದು ಹತ್ತಿದರೆ ಹತ್ತಿರ. ಅತ್ತೆ ತಲೆಯ ಮೇಲೆ ಎಷ್ಟೇ ಹೊರೆ ಇದ್ದರೂ ರಸ್ತೆಯ ಕಡೆಯಿಂದ ಬಳಸಿಕೊಂಡು ಬರುತ್ತಿದ್ದರು. ನಾನು ಒಮ್ಮೆ ಆ ಹೆಸರು ಯಾಕೆ ಬಂತು ಎಂದು ಗಂಡನನ್ನು ಕೇಳಿದ್ದೆ. ಅಲ್ಲಿ ಓಡ ಬೆಳೆಯುತ್ತದೆ, ಬುಟ್ಟಿ ಹೆಣೆಯುವ ಸಣ್ಣ ಬಿದಿರು, ಅದಕ್ಕೆ ಎಂದ. ಮಾವ, ನೀರು ಜೋರಾಗಿ ಓಡುತ್ತದಲ್ಲ, ಅದಕ್ಕೆ ಎಂದರು. ಅತ್ತೆ ಎದ್ದು ಒಳಗೆ ಹೋಗಿದ್ದರು.

ಮೆಣಸು ಒಣಗಿಸುವ ಕಾಲದಲ್ಲಿ ಅತ್ತೆ ಬಿದ್ದರು. ಅಂಗಳದಲ್ಲಿ ಹರವಿದ ಮೆಣಸನ್ನು ಪಾದದಿಂದ ಕೆದರುತ್ತಾ ಹೋಗುತ್ತಿದ್ದವರು ಇದ್ದಕ್ಕಿದ್ದಂತೆ ನಿಂತರು. ಅವರು ನಿಂತದ್ದನ್ನು ಕಂಡೇ ನನಗೆ ಭಯವಾಯಿತು, ಯಾಕೆಂದರೆ ಕೆಲಸದ ನಡುವೆ ಅವರು ನಿಂತದ್ದನ್ನು ನಾನು ಕಂಡಿರಲಿಲ್ಲ. ನಾನು ಹೋಗಿ ಹಿಡಿಯುವಷ್ಟರಲ್ಲಿ ಬಲಭಾಗ ಪೂರ್ತಿ ಕುಸಿದುಹೋಗಿತ್ತು. ಜೀಪಿನಲ್ಲಿ ಬತ್ತೇರಿಗೆ, ಅಲ್ಲಿಂದ ಕಲ್ಪೆಟ್ಟದ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು.

ಪೂರ್ತಿ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು "ಹರಿ." ಪಕ್ಕದ ಮಂಚದವರು ಪುಣ್ಯವಂತೆ, ದೇವರ ಹೆಸರು ಹೇಳುತ್ತಿದ್ದಾಳೆ ಎಂದು ಕೈ ಮುಗಿದರು. ಎರಡನೆಯ ಮಾತು "ಜಾರು." ಆಮೇಲೆ "ಹಾರು," "ಹಾಯಿ," "ಓಡು." ಇವಿಷ್ಟೇ. ನನ್ನ ಹೆಸರಿಲ್ಲ, ಮಗನ ಹೆಸರಿಲ್ಲ, ನೀರು, ಅನ್ನ, ನೋವು ಅನ್ನುವ ಮಾತಿಲ್ಲ. ಡಾಕ್ಟರು ಹೇಳಿದರು, "ಕೆಲವರಿಗೆ ಬೈಗುಳ ಮಾತ್ರ ಉಳಿಯುತ್ತದೆ, ಕೆಲವರಿಗೆ ಪ್ರಾರ್ಥನೆ. ಇವರಿಗೆ ಇದು ಉಳಿದಿದೆ. ಇದರಲ್ಲಿ ಅರ್ಥ ಹುಡುಕಬೇಡಿ. ನಿಧಾನವಾಗಿ ಬೇರೆ ಮಾತು ಬಂದರೂ ಬರಬಹುದು."

ಅರ್ಥ ಹುಡುಕದಿದ್ದರೆ ನನಗೆ ನಡೆಯುವಂತಿರಲಿಲ್ಲ. ದಿನವಿಡೀ ಅವರನ್ನು ನೋಡಿಕೊಳ್ಳುವವಳು ನಾನು. ಅವರು "ಹರೀತು" ಅಂದಾಗ ಹಾಸಿಗೆ ಒದ್ದೆಯಾಗಿದೆ ಎಂದು ಮೊದಲು ಕಲಿತೆ. ಇನ್ನೊಂದು ಬೆಳಿಗ್ಗೆ ಹಾಗೇ ಅಂದಾಗ ಹಾಸಿಗೆ ಒಣಗಿತ್ತು, ಕಿಟಕಿಯಲ್ಲಿ ಬೆಳಕು ಹರಿದಿತ್ತು. ಮತ್ತೊಂದು ಸಲ ನೋಡಿದರೆ ಹೊದಿಕೆಯ ಅಂಚು ಕಾಲಿಗೆ ಸಿಕ್ಕಿ ಹರಿದಿತ್ತು. ಒಂದೇ ಮಾತಿನಲ್ಲಿ ಅವರು ಇಡೀ ಮನೆಯನ್ನು ಹೇಳುತ್ತಿದ್ದರು. ವಾರಕ್ಕೊಮ್ಮೆ ಬರುತ್ತಿದ್ದ ನರ್ಸ್, ನಾವೆಲ್ಲ ಸಿಸ್ಟರ್ ಅನ್ನುತ್ತಿದ್ದೆವು, ವೆಳ್ಳಮುಂಡದ ಕಡೆಯವರು, ಕನ್ನಡ ಬಾರದು. ಒಂದು ದಿನ ಅವರು ಕೊಟ್ಟಿಗೆಯ ಪಕ್ಕದಿಂದ ಬರುವಾಗ ಅತ್ತೆ ಕಿಟಕಿಯಿಂದ "ಹಾಯ್ತದೆ, ಹಾಯ್ತದೆ" ಎಂದರು. ಸಿಸ್ಟರ್ ನಗುತ್ತಾ "ಹಾಯ್ ಅಮ್ಮೇ" ಎಂದು ಕೈ ಬೀಸಿದರು. ಅಷ್ಟರಲ್ಲಿ ಹಸು ಕೊಂಬು ಬೀಸಿ ಅವರ ಬ್ಯಾಗನ್ನು ಗದ್ದೆಗೆ ಎಸೆಯಿತು. ಅತ್ತೆ ಹೇಳಿದ್ದು ಹಸು ಹಾಯುತ್ತದೆ ಎಂದು.

ಆವತ್ತು ನಾವೆಲ್ಲ ನಕ್ಕೆವು. ಅತ್ತೆಯ ಎಡಗಡೆಯ ಮುಖವೂ ನಕ್ಕಿತು.

ನನಗೆ ಬಗೆಹರಿಯದೆ ಉಳಿದದ್ದು ಓಡು. ಅದನ್ನು ಅವರು ಬೆಳಿಗ್ಗೆ ಹೇಳುತ್ತಿರಲಿಲ್ಲ. ಮಳೆಗಾಲ ಹತ್ತಿರವಾದಂತೆ, ಮೂರೂವರೆ ನಾಲ್ಕರ ಹೊತ್ತಿಗೆ ಕೊಲ್ಲಿಯಿಂದ ಮಂಜು ಮೇಲೇರಿ ಕಾಫಿಗಿಡಗಳ ಬುಡಕ್ಕೆ ಬಂದಾಗ, ಅವರ ಎಡಗೈ ಮಂಚದ ಅಂಚನ್ನು ಹಿಡಿಯುತ್ತಿತ್ತು. "ಓಡು" ಎನ್ನುತ್ತಿದ್ದರು, ಯಾರೋ ಕಿವಿಯಲ್ಲಿ ಹೇಳಿದ್ದನ್ನು ತಿರುಗಿ ಹೇಳುವವರ ಹಾಗೆ, ಮೆಲ್ಲಗೆ. ಸ್ವಲ್ಪ ಹೊತ್ತಾದ ಮೇಲೆ "ಓಡ್ ಹೋದ್ಲು" ಎನ್ನುತ್ತಿದ್ದರು. ಹಾಗೆ ಅನ್ನುವಾಗ ಅವರ ಕಣ್ಣು ಕಿಟಕಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುತ್ತಿತ್ತು. ಹೊರಗೆ ಯಾರೋ ಹೋಗುತ್ತಿದ್ದಾರೆ, ಇವರು ನೋಡುತ್ತಿದ್ದಾರೆ, ಅಷ್ಟು ಸಹಜವಾಗಿ. ನಾನೂ ಎದ್ದು ನೋಡುತ್ತಿದ್ದೆ. ಮಂಜು, ಕಾಫಿಗಿಡ. ಒಂದೆರಡು ದಿನ ಮಾತ್ರ ಗಾಳಿಯಿಲ್ಲದೆ ಗಿಡಗಳು ಅಲ್ಲಾಡಿದ್ದನ್ನು ನೋಡಿದೆ, ಒಂದಾದ ಮೇಲೆ ಒಂದು, ಮೇಲಿನಿಂದ ಕೆಳಗೆ. ಹಂದಿ ಇರಬಹುದು ಎಂದುಕೊಂಡು ಕಿಟಕಿ ಹಾಕಿದೆ. ನಮ್ಮ ನಾಯಿ ಆ ಹೊತ್ತಿಗೆ ಬೊಗಳುತ್ತಿರಲಿಲ್ಲ, ಮಂಚದ ಕೆಳಗೆ ಬಂದು ಮಲಗುತ್ತಿತ್ತು.

ಸಿಸ್ಟರ್ ತಲೆಯೆತ್ತಿ ಮಾಡಿನ ಹೆಂಚು ನೋಡಿದರು. "ಓಡು ಅಂದರೆ ಓಡಲ್ಲವಾ? ಎಲ್ಲೋ ಸೋರುತ್ತಿರಬೇಕು, ಅಮ್ಮನಿಗೆ ಕಾಣಿಸುತ್ತದೆ, ನಿಮಗೆ ಕಾಣಿಸುವುದಿಲ್ಲ" ಎಂದು ಮಲಯಾಳದಲ್ಲಿ ಹೇಳಿದರು. ಗಂಡ ಏಣಿ ಹಾಕಿ ಒಡೆದ ಹೆಂಚು ಬದಲಿಸಿದ. ಅತ್ತೆ ನಿಲ್ಲಿಸಲಿಲ್ಲ. ಗಂಡ, "ನಾನು ಸಣ್ಣವನಿದ್ದಾಗ ಗದ್ದೆಗೆ ಆನೆ ಬಂದು ಅವ್ವ ನನ್ನ ಎತ್ಕೊಂಡು ಓಡಿದ್ಲು. ಅದು ನೆನಪಾಗ್ತಿರಬೇಕು" ಎಂದ. ಒಂದು ಸಂಜೆ ಮಾವ ಚಹಾ ಕುಡಿಯುತ್ತಾ ಅತ್ತೆಯ ಮಂಚದ ಹತ್ತಿರ ಕೂತಿದ್ದರು. ಅತ್ತೆ "ಓಡ್ ಹೋದ್ಲು" ಎಂದರು. ಮಾವ ಲೋಟವನ್ನು ನೆಲದ ಮೇಲಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ಆಮೇಲೆ ಆ ಹೊತ್ತಿಗೆ ಅವರು ಮನೆಯಲ್ಲಿ ಇರುತ್ತಿರಲಿಲ್ಲ.

"ಮಾವನಿಗೆ ಏನಾಯ್ತು?" ಎಂದು ಗಂಡನನ್ನು ಕೇಳಿದೆ. ಅವನು ಹಿಂದುಮುಂದು ನೋಡಿ ಹೇಳಿದ.

ಅತ್ತೆಗೆ ಒಬ್ಬಳು ಅಕ್ಕ ಇದ್ದಳಂತೆ. ಮಾವ ಅವರಿಗೆ ಸೋದರಮಾವನ ಮಗ, ಮನೆಗಳೂ ಅಕ್ಕಪಕ್ಕ. ಆ ಅಕ್ಕನನ್ನು ಮಾವನಿಗೆ ಕೊಡುವುದೆಂದು ಮಾತಾಗಿತ್ತು. ಮದುವೆಗೆ ಮುಂಚೆ ಅವಳು ಓಡಿ ಹೋದಳು, ಮರ ಸಾಗಿಸಲು ಬಂದಿದ್ದ ಲಾರಿಯ ಒಬ್ಬನ ಜೊತೆ. ಮನೆಯವರು ಅವಳು ಸತ್ತಳೆಂದು ತಿಳಿದು ಎಳ್ಳುನೀರು ಬಿಟ್ಟುಬಿಟ್ಟರು. ತಂಗಿ ದೊಡ್ಡವಳಾದ ಮೇಲೆ ಅವಳನ್ನು ಮಾವನಿಗೆ ಕೊಟ್ಟರು. ಅಂದಿನಿಂದ ಈ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿಲ್ಲ.

"ಪಾಪ, ಅಪ್ಪನ ಎದುರಿಗೇ ದಿನಾ ಅದನ್ನೇ ಅಂತಾಳೆ" ಎಂದ ಗಂಡ.

ಹಲಸು ಹಣ್ಣಾಗುವ ಹೊತ್ತಿಗೆ ಆನೆಗಳು ಕಾಡಿನ ಅಂಚಿಗೆ ಬಂದಿದ್ದವು. ಅದು ಪ್ರತಿ ವರ್ಷದ್ದು. ಮಳೆ ಬಿಟ್ಟಿದ್ದ ಒಂದು ಸಂಜೆ ಮಾವ ಹಾಲು ಹಾಕಲು ಹೋಗಿದ್ದರು, ಗಂಡ ಅಂಗಡಿಯಲ್ಲಿದ್ದ. ನಾನು ಅಡುಗೆಮನೆಯಲ್ಲಿ ಹಲಸಿನ ತೊಳೆ ಬಿಡಿಸುತ್ತಿದ್ದೆ. ಮಂಜು ಆವತ್ತು ಬೇಗ ಬಂತು, ಹಿತ್ತಿಲ ಬಾಗಿಲಿನವರೆಗೂ ಬಂದು ನಿಂತಿತು.

ನಡುಮನೆಯಿಂದ ಅತ್ತೆ "ಓಡು" ಎಂದರು.

ಕೈಗೆ ಎಣ್ಣೆ ಹಚ್ಚಿಕೊಂಡಿದ್ದೆ, ಹಾಗೇ ಎದ್ದು ಹೋದೆ. ಅತ್ತೆ ಕಿಟಕಿಯ ಕಡೆ ನೋಡುತ್ತಿರಲಿಲ್ಲ. ಅಡುಗೆಮನೆಯ ಮಾಡನ್ನು ನೋಡುತ್ತಿದ್ದರು.

"ಏನತ್ತೆ? ಸೋರ್ತದಾ?"

"ಓಡು. ಓಡು."

ಮಳೆಯಿಲ್ಲ, ಸೋರುವುದೆಲ್ಲಿ? ಆದರೂ ಸಿಸ್ಟರ್ ಹೇಳಿದ್ದು ನೆನಪಾಗಿ, ನೋಡೋಣ ಎಂದು ಮುಂಬಾಗಿಲಿನಿಂದ ಅಂಗಳಕ್ಕಿಳಿದು ಮನೆಯ ಪಕ್ಕಕ್ಕೆ ಹೋಗಿ ಅಡುಗೆಮನೆಯ ಮಾಡಿನ ಕಡೆ ತಲೆಯೆತ್ತಿದೆ. ಅಂಚಿನ ಒಂದು ಹೆಂಚು ಮೇಲೆದ್ದಿತು. ಯಾರೋ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡುವ ಹಾಗೆ ನಿಧಾನವಾಗಿ ಎದ್ದು, ಪಕ್ಕಕ್ಕೆ ಸರಿಯಿತು. ಶಬ್ದವೇ ಇಲ್ಲ. ಇನ್ನೊಂದು ಹೆಂಚು ಎದ್ದಿತು. ಅದರ ಹಿಂದಿದ್ದ ಮಂಜು ಬರೀ ಮಂಜಲ್ಲ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದಕ್ಕೊಂದು ಕಿವಿ ಇತ್ತು, ಆ ಕಿವಿ ಅಲ್ಲಾಡಿತು.

ನಾನು ಓಡಿದೆ. ಓಡಬೇಕು ಎಂದು ಯೋಚಿಸಿ ಓಡಿದ್ದಲ್ಲ, ಕಾಲುಗಳೇ ಓಡಿದವು. ಗೇಟಿನ ಹತ್ತಿರ ಬಂದ ಮೇಲೆ ಅತ್ತೆಯ ನೆನಪು ಬಂದು ತಿರುಗಿದೆ.

ಅತ್ತೆ ಅಂಗಳದಲ್ಲಿದ್ದರು. ತುಳಸಿಕಟ್ಟೆಯ ಅಂಚಿನ ಮೇಲೆ ಕೂತಿದ್ದರು. ನಡುಮನೆಯ ಮಂಚದಿಂದ ಮುಂಬಾಗಿಲು, ಜಗಲಿ, ಮೂರು ಮೆಟ್ಟಿಲು, ಆಮೇಲೆ ಅಂಗಳ. ತಾವಾಗಿ ಮಗ್ಗುಲು ಬದಲಿಸಲಾಗದ ಹೆಂಗಸು. ನಾನು ಅವರನ್ನು ಒಳಗೆ ಬಿಟ್ಟು ಬಂದು ಒಂದು ಕೊಡ ನೀರು ತುಂಬುವಷ್ಟು ಹೊತ್ತೂ ಆಗಿರಲಿಲ್ಲ. ಅವರ ಎಡಗೈ ಮೇಲಕ್ಕೆ ಎತ್ತಿಕೊಂಡೇ ಇತ್ತು, ಜಾತ್ರೆಯಲ್ಲಿ ಸಣ್ಣ ಮಕ್ಕಳು ದೊಡ್ಡವರ ಕೈ ಹಿಡಿದುಕೊಂಡಿರುತ್ತವಲ್ಲ, ಹಾಗೆ. ಬೆರಳುಗಳು ಮಡಚಿದ್ದವು. ನಾನು ಹತ್ತಿರ ಹೋಗಿ ಮುಟ್ಟಿದ ಮೇಲೆ ಆ ಕೈ ಕೆಳಗೆ ಬಂತು.

ಎತ್ತಿ ಹೆಗಲಿಗೆ ಹಾಕಿಕೊಂಡು ರಸ್ತೆಗೆ ಹೋದೆ. ಹಿಂದೆ ಅಡುಗೆಮನೆಯ ಗೋಡೆ ಬಿದ್ದ ಸದ್ದಾಯಿತು. ಕೆಳಗಿನ ಆದಿವಾಸಿ ಹಾಡಿಯವರು ಡಬ್ಬ ಬಡಿಯುತ್ತಾ ಬಂದರು, ಪಟಾಕಿ ಹಚ್ಚಿದರು. ಆನೆ ಅಕ್ಕಿಮೂಟೆಯನ್ನು ಹರಿದು, ಹಲಸಿನಹಣ್ಣನ್ನೆಲ್ಲ ತಿಂದು ಕೊಲ್ಲಿಯ ಕಡೆ ಇಳಿಯಿತು.

ಹಾಡಿಯ ಒಬ್ಬ ಅಜ್ಜಿ, ನಮ್ಮ ಗದ್ದೆಯ ನಾಟಿಗೆ ಬರುವವಳು, ಅತ್ತೆಯ ಕಾಲನ್ನು ತನ್ನ ಸೀರೆಯ ಸೆರಗಿನಿಂದ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಎರಡೂ ಅಂಗಾಲಿಗೆ ಕೆಸರು ಮೆತ್ತಿತ್ತು. ಬೆರಳ ಸಂದಿಯಲ್ಲಿ ಹುಲ್ಲು ಸಿಕ್ಕಿತ್ತು. ತೆವಳಿ ಬಂದಿದ್ದರೆ ಮಂಡಿಗೆ, ಸೀರೆಗೆ ಕೆಸರಾಗಬೇಕಿತ್ತು. ಸೀರೆ ಒಣಗಿತ್ತು.

"ಅತ್ತೆ, ಯಾರು ಕರ್ಕೊಂಡ್ ಬಂದ್ರು?" ಎಂದು ಕೇಳಿದೆ.

"ಅಕ್ಕ" ಎಂದರು.

ಬಿದ್ದ ಮೇಲೆ ಅವರ ಬಾಯಿಂದ ಬಂದ ಬೇರೆ ಮಾತು ಅದೇ ಮೊದಲು. ಗಂಡ ಓಡಿ ಬಂದವನು ಅದನ್ನು ಕೇಳಿ ಅಳುತ್ತಾ ನಗುತ್ತಾ, "ನಿನ್ನನ್ನೇ ಅಕ್ಕ ಅಂತಾಳೆ, ಮಾತು ಬಂತು" ಎಂದ. ಅತ್ತೆ ನನ್ನ ಕಡೆ ನೋಡುತ್ತಿರಲಿಲ್ಲ. ಕಲ್ಪೆಟ್ಟದ ಡಾಕ್ಟರು ಕೇಳಿ, ಹೆದರಿದಾಗ ಮೈಗೆ ಎಲ್ಲಿಂದಲೋ ಬಲ ಬರುವುದುಂಟು ಎಂದರು. ಇರಬಹುದು. ಮರುದಿನ ಬೆಳಿಗ್ಗೆ ಬಲಗಾಲು ಮೊದಲಿನ ಹಾಗೇ ಮರದ ತುಂಡಿನಂತೆ ಬಿದ್ದಿತ್ತು, ಇವತ್ತಿಗೂ ಹಾಗೇ ಇದೆ.

ಮಾತು ಮಾತ್ರ ಬರತೊಡಗಿತು. ಸಿಸ್ಟರ್ ಹೇಳಿಕೊಟ್ಟ ಹಾಗೆ ದಿನವೂ ಒಂದೊಂದು ವಸ್ತು ತೋರಿಸಿ ಹೇಳಿಸುತ್ತಿದ್ದೆ. ಲೋಟ, ಚಾಪೆ, ಬೆಕ್ಕು. ಒಂದು ಮಧ್ಯಾಹ್ನ ಮರಿಬೆಕ್ಕು ತೋರಿಸಿದರೆ ಅದನ್ನು ನೋಡದೆ ಅವರು ಹೇಳಿದರು:

"ಅಕ್ಕ ಅಂದ್ಲು. ಓಡು ಅಂತ. ನಂಗೆ."

"ಎಲ್ಲಿ ಅತ್ತೆ?"

"ಕೊಲ್ಲಿ. ಬಿದಿರ ಕಳಲೆ ಮುರೀತಾ ಇದ್ವಿ. ಮಂಜು." ಸ್ವಲ್ಪ ಉಸಿರು ತೆಗೆದುಕೊಂಡರು. "ಆನೆ."

ಬಾಗಿಲ ಹತ್ತಿರ ಸದ್ದಾಯಿತು. ಮಾವ ಹಾಲಿನ ಕ್ಯಾನು ಹಿಡಿದು ನಿಂತಿದ್ದರು. ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ಅಕ್ಕ ನನ್ನ ಮೇಲಕ್ಕೆ ತಳ್ಳಿದ್ಲು. ಮನೆ ಕಡೆ. ಅವ್ಳು ಕೆಳಕ್ಕೆ. ಕೂಗ್ತಾ ಹೋದ್ಲು. ಆನೆ ಅವಳ ಹಿಂದೆ." ಎಡಗೈಯನ್ನು ಕಿಟಕಿಯ ಒಂದು ತುದಿಯಿಂದ ಇನ್ನೊಂದಕ್ಕೆ ಆಡಿಸಿದರು. "ಮನೇಲಿ ಅವ್ವ ಕೇಳಿದ್ಲು, ಅಕ್ಕ ಎಲ್ಲಿ. ಓಡ್ ಹೋದ್ಲು ಅಂದೆ."

ಮಾವ ಕ್ಯಾನನ್ನು ಕೆಳಗಿಟ್ಟರು. "ಆನೆ ಅಂತ ಯಾಕೆ ಹೇಳ್ಲಿಲ್ಲ ನೀನು?"

"ಜ್ವರ ಬಂತು ಭಾವ. ಬಾಯಿ ಕಟ್ಟೋಯ್ತು." ಸೋದರಮಾವನ ಮಗನೆಂದು ಅವರು ಮದುವೆಯಾದ ಮೇಲೂ ಮಾವನನ್ನು ಭಾವ ಎಂದೇ ಕರೆಯುತ್ತಿದ್ದರು. "ಆಮೇಲೆ ಹೇಳ್ದೆ. ಅವ್ವ ಹೊಡೆದ್ಲು. ಅಕ್ಕನ ಹುಳುಕು ಮುಚ್ಚೋಕೆ ಸುಳ್ಳು ಹೇಳ್ತೀಯಾ ಅಂತ."

ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದ್ದನ್ನೆಲ್ಲ ಕೂಡಿಸಿದಾಗ ನನಗೆ ತಿಳಿದದ್ದಿಷ್ಟು. ಆಗ ಅತ್ತೆಗೆ ಏಳೆಂಟು ವರ್ಷ. ಓಡಿ ಹೋಗುವುದಕ್ಕೆ ದೊಡ್ಡವರು ಇನ್ನೊಂದು ಅರ್ಥ ಇಟ್ಟುಕೊಂಡಿದ್ದಾರೆ ಎಂದು ಆ ಮಗುವಿಗೆ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿತು. ಅದೇ ದಿನ ಮರದ ಲಾರಿಯವರು ಬಿಡಾರ ಕಿತ್ತುಕೊಂಡು ಹೋಗಿದ್ದರು, ಅವರಲ್ಲೊಬ್ಬನ ಜೊತೆ ಆ ಹುಡುಗಿ ನಗುತ್ತಾ ಮಾತಾಡಿದ್ದನ್ನು ಯಾರೋ ನೋಡಿದ್ದರು. ಮನೆಯವರಿಗೆ ಅಷ್ಟು ಸಾಕಾಯಿತು. ರಾತ್ರಿ ಸುರಿದ ಮಳೆ ಕೊಲ್ಲಿಯ ಗುರುತನ್ನೆಲ್ಲ ಒಯ್ದಿತು.

ಮಾವ ನೆಲದ ಮೇಲೆ ಕೂತರು. "ನಾನು ಬಸ್ ನಿಲ್ಲೋ ಕಡೆಯೆಲ್ಲ ಹುಡುಕ್ದೆ" ಎಂದರು, ನನಗೆ ಹೇಳುವ ಹಾಗೆ. "ಮೈಸೂರಿಗೆ ಹೋದೆ. ಕೋಳಿಕ್ಕೋಡಿಗೆ ಹೋದೆ. ಸಿಕ್ಕಿದ್ರೆ ಕಾಲು ಮುರೀತೀನಿ ಅಂತ ಹೋಗಿದ್ದೆ. ಕೊಲ್ಲಿ ಇಲ್ಲೇ ಇತ್ತು." ಆಮೇಲೆ ಹೆಂಡತಿಯ ಕಡೆ ತಿರುಗಿ, "ದೊಡ್ಡವಳಾದ ಮೇಲಾದ್ರೂ ನಂಗೆ ಹೇಳ್ಬೋದಿತ್ತಲ್ಲ?" ಎಂದರು.

ಅತ್ತೆ ತುಂಬಾ ಹೊತ್ತು ಮಾತು ಹುಡುಕಿದರು. "ಎಲ್ರೂ ಅಂದ್ರಲ್ಲ, ಓಡ್ ಹೋದ್ಲು, ಓಡ್ ಹೋದ್ಲು ಅಂತ. ನಂಗೂ ಹಂಗೇ ಅನ್ನಿಸ್ತು. ಎಲ್ಲೋ ಇದಾಳೆ. ಮಕ್ಕಳು ಮರಿ ಮಾಡ್ಕೊಂಡಿದಾಳೆ. ಇರ್ಲಿ ಅಂತ."

ಮಾವ ಎದ್ದು ಹೋಗಿ ಅವರ ಮಂಚದ ಮೇಲೆ ಕೂತರು. ಅವರಿಬ್ಬರೂ ಹಾಗೆ ಒಂದೇ ಮಂಚದಲ್ಲಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಹಾಲಿನ ಕ್ಯಾನು ಎತ್ತಿಕೊಂಡು ಹೊರಗೆ ಬಂದೆ.

ಕೊಲ್ಲಿಗೆ ಇಳಿಯಲೇಬೇಕು ಎಂದು ಮಾವ ಹಟ ಹಿಡಿದರು. ಆ ವಯಸ್ಸಿನಲ್ಲಿ ಆ ಇಳಿಜಾರು ಬೇಡ ಎಂದರೆ ಕೇಳಲಿಲ್ಲ. ಹಾಡಿಯ ಅಜ್ಜಿಯನ್ನು ಜೊತೆಗೆ ಕರೆದೆ. ಎಲ್ಲಿಗೆ ಎಂದು ಹೇಳಿದಾಗ ಅವಳು ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು, "ಕತ್ತಲಾಗೋ ಮುಂಚೆ ಬರೋದಾದ್ರೆ ಬರ್ತೀನಿ" ಎಂದಳು.

ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಇಳಿದೆವು. ಅಜ್ಜಿ ಮುಂದೆ, ಮಾವ ಕೋಲು ಊರಿಕೊಂಡು ನಡುವೆ, ನಾನು ಹಿಂದೆ. ಕೊಲ್ಲಿಯೊಳಗೆ ಬಿಸಿಲು ಬರುವುದಿಲ್ಲ. ಬಿದಿರು ಎರಡೂ ಕಡೆಯಿಂದ ಬಾಗಿ ಮೇಲೆ ಕೂಡಿಕೊಂಡಿದೆ. ನೀರಿನ ಸದ್ದು ಎಲ್ಲೋ ಕೆಳಗೆ ಕೇಳುತ್ತಿತ್ತು. ಅರ್ಧ ಇಳಿದಿದ್ದೆವು, ನಮ್ಮ ಎಡಕ್ಕೆ ಬಿದಿರ ಹಿಂಡಿಲಿನ ಆಚೆ ತರಗೆಲೆಯ ಮೇಲೆ ಹೆಜ್ಜೆಯ ಸದ್ದಾಯಿತು. ಓಡುವ ಹೆಜ್ಜೆ. ಹಗುರವಾದದ್ದು, ಎರಡು ಕಾಲಿನದು. ಮೇಲಿನಿಂದ ಬಂದು ನಮ್ಮನ್ನು ದಾಟಿ ಕೆಳಗೆ ಹೋಯಿತು. ಎಲೆ ಅಲ್ಲಾಡಲಿಲ್ಲ. ನಾನು ಮಾವನ ಅಂಗಿ ಹಿಡಿದುಕೊಂಡೆ.

"ನಿಂತ್ಕೊಳಿ" ಎಂದಳು ಅಜ್ಜಿ ಮೆಲ್ಲಗೆ. "ಹೋಗ್ಲಿ."

ಸದ್ದು ನೀರಿನ ಹತ್ತಿರ ಮುಗಿಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೇಲಿನಿಂದ ಶುರುವಾಯಿತು.

"ನಿಮಗೆ ಗೊತ್ತಿತ್ತಾ ಅಜ್ಜಿ?"

"ನಾವು ಸಣ್ಣೋರಿದ್ದಾಗಿಂದ ಅದೆ. ಅದಕ್ಕೇ ಓಡಕೊಲ್ಲಿ ಅನ್ನೋದು. ಒಂದು ಹುಡುಗಿ ಓಡ್ತಾಳೆ, ಅಲ್ಲಿ ಹೋಗ್ಬೇಡಿ ಅಂತ ನಮ್ಮವ್ವ ಹೇಳ್ತಿದ್ಲು. ನಮ್ಮಪ್ಪ ಕೆಳಗೆ ನೀರಲ್ಲಿ ಬಳೆ ಕಂಡಿದ್ನಂತೆ. ಎತ್ಲಿಲ್ಲ."

"ಯಾಕೆ ಯಾರೂ ನಮ್ಮ ಮನೆಗೆ ಬಂದು ಹೇಳ್ಲಿಲ್ಲ?" ಎಂದು ಮಾವ ಕೇಳಿದರು.

"ನಿಮ್ಮ ಹಿರೀಕ್ರು ಆ ಮಾತು ಎತ್ತಿದೋರ್ನ ಕೆಲ್ಸದಿಂದ ಓಡಿಸ್ತಿದ್ರಲ್ಲ ಅಪ್ಪ" ಎಂದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹೆಜ್ಜೆ ಮತ್ತೆ ಹತ್ತಿರ ಬಂತು. ಮಾವ ಕೋಲನ್ನು ನನ್ನ ಕೈಗೆ ಕೊಟ್ಟು, ಬಿದಿರಿನ ಕಡೆ ಒಂದೆರಡು ಹೆಜ್ಜೆ ಇಟ್ಟು, ಅತ್ತೆಯ ಅಕ್ಕನ ಹೆಸರು ಹಿಡಿದು ಕರೆದರು. ಮನೆಯಲ್ಲಿ ಕರೆಯುತ್ತಿದ್ದ ಸಣ್ಣ ಹೆಸರಿರಬೇಕು. "ತಂಗಿ ಮನೆ ಸೇರಿದ್ಲು" ಎಂದರು. "ಚೆನ್ನಾಗಿದಾಳೆ. ಆನೆ ಹೋಯ್ತು. ಇನ್ನು ಸಾಕು, ನಿಲ್ಲವ್ವ."

ಸದ್ದು ನಮ್ಮ ಪಕ್ಕದಲ್ಲೇ ನಿಂತಿತು. ದೂರ ಹೋಗಿ ಮುಗಿಯಲಿಲ್ಲ, ಅಲ್ಲೇ ನಿಂತಿತು. ಬಿದಿರಿನ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಓಡಿ ಬಂದವರ ಏದುಸಿರು ಕೇಳಿಸಿತೇ, ಅಥವಾ ಅದು ನನ್ನದೇ ಉಸಿರಾಗಿತ್ತೇ, ನಾನು ಆಣೆ ಮಾಡಿ ಹೇಳಲಾರೆ. ನಾವು ಮೂವರೂ ತಿರುಗಿ ನೋಡದೆ ಮೇಲೆ ಹತ್ತಿದೆವು.

ಮುಂದಿನ ಅಮಾವಾಸ್ಯೆಗೆ ಅತ್ತೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಪೊನ್ಕುಳಿಗೆ ಹೋದೆವು. ದೇವಸ್ಥಾನದ ಹತ್ತಿರ ಹೊಳೆಯ ದಂಡೆಯಲ್ಲಿ ಮಾವ ಎಳ್ಳುನೀರು ಬಿಟ್ಟರು. ಮೊದಲು ಬಿಟ್ಟದ್ದು ಸಿಟ್ಟಿನಿಂದ, ಅದು ಅವಳಿಗೆ ಸಲ್ಲುವುದಿಲ್ಲ ಎಂದು ಅವರೇ ಹೇಳಿದರು. ಪೂಜೆಯವರು ತೀರಿಕೊಂಡವರು ಯಾರು ಎಂದು ಕೇಳಿದಾಗ ಹೆಸರು ಹೇಳಿ, "ನಂಗೆ ಕೊಡೋದು ಅಂತ ಮಾತಾಗಿದ್ದ ಹುಡುಗಿ" ಎಂದರು. ಅತ್ತೆ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ತಲೆಯಾಡಿಸಿದರು. ಹೈವೇಯಲ್ಲಿ ಮೈಸೂರಿನ ಬಸ್ಸುಗಳು ಹೋಗುತ್ತಿದ್ದವು. ವಾಪಸ್ ಬರುವಾಗ ಅತ್ತೆ ಚಹಾ ಬೇಕು ಎಂದು ಕೇಳಿ ಕುಡಿದರು, ಸಕ್ಕರೆ ಕಮ್ಮಿ ಎಂದು ಬೈದರು.

ಈಗ ಅವರಿಗೆ ಬೇಕಾದಷ್ಟು ಮಾತು ಬರುತ್ತದೆ, ನಿಧಾನವಾಗಿ. ಮಾವ ತಮ್ಮ ಚಾಪೆಯನ್ನು ಜಗಲಿಯಿಂದ ನಡುಮನೆಗೆ ತಂದಿದ್ದಾರೆ. ಸಂಜೆ ಹಾಲು ಹಾಕಿ ಬಂದು ಹೆಂಡತಿಯ ಹತ್ತಿರ ಕೂತು ಆ ಹುಡುಗಿಯ ವಿಷಯ ಕೇಳುತ್ತಾರೆ. ಅವಳಿಗೆ ಯಾವ ಪಲ್ಯ ಇಷ್ಟವಿತ್ತು, ಮದುವೆ ಗೊತ್ತಾದಾಗ ಏನಂದಳು, ಆ ಲಾರಿಯವನ ಜೊತೆ ಯಾಕೆ ನಕ್ಕಳು. ಲಾರಿಯವನ ಹಲ್ಲು ಮುರಿದಿತ್ತು ಭಾವ, ಅದಕ್ಕೆ, ಎಂದು ಅತ್ತೆ ಒಂದು ದಿನ ಹೇಳಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಹೊಸ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಕೇಳಿಸಿಕೊಳ್ಳುತ್ತಿರುತ್ತೇನೆ. ಒಮ್ಮೊಮ್ಮೆ ಅವರ ಮಾತು ನಡುವೆಯೇ ನಿಂತುಬಿಡುತ್ತದೆ. ಇಬ್ಬರೂ ಬಾಗಿಲ ಕಡೆ ನೋಡುತ್ತಾರೆ, ಯಾರ ವಿಷಯ ಮಾತಾಡುತ್ತಿದ್ದೆವೋ ಅವರೇ ಒಳಗೆ ಬಂದರೆ ನಾವು ಹೇಗೆ ಸುಮ್ಮನಾಗಿ ನೋಡುತ್ತೇವೋ ಹಾಗೆ. ಆಮೇಲೆ ಅತ್ತೆ ಎಡಗೈ ಊರಿ ಮಂಚದ ಮೇಲೆ ಸ್ವಲ್ಪ ಸರಿದು ಜಾಗ ಬಿಡುತ್ತಾರೆ.